ಸ್ಟೇರಿಂಗ್ ಒದೆಯುತ್ತದೆಯೇ? ಮೊದಲು ಸಂದು ನೋಡಿ

ಹಳೇ ಜೀಪು ಇಟ್ಟುಕೊಂಡ ರೈತರಿಗೆ ಈಚೆಗೆ ಗ್ಯಾರೇಜಿನಲ್ಲಿ ಸಿಗುವ ಸಲಹೆ ಒಂದೇ: 'ಸ್ಟೇರಿಂಗ್ ನಡಗ್ತೈತೇನ್ರಿ? ಒಂದು ಡ್ಯಾಂಪರ್ ಹಾಕಸ್ರಿ, ಮುಗೀತು.' ನನ್ನ ಅಭಿಪ್ರಾಯ ಬೇರೆ. ಡ್ಯಾಂಪರ್ ಒಳ್ಳೆಯ ಸಾಮಾನು, ಆದರೆ ಅದು ಕೊನೆಗೆ ಕೊಳ್ಳುವಂಥದ್ದು.

ಚಕ್ಕಡಿ ಹೊಡೆದವರಿಗೆ ಇದರ ಕೆಲಸ ಬೇಗ ತಿಳಿಯುತ್ತದೆ. ಒಂದು ಗಾಲಿ ಕಲ್ಲಿಗೆ ಬಡಿದರೆ ನೊಗ ಎತ್ತಿನ ಹೆಗಲಿಗೆ ಹೊಡೆಯುತ್ತದೆ. ಜೀಪಿನಲ್ಲಿ ಆ ಪೆಟ್ಟು ಟೈರಾಡಿನಿಂದ ಸ್ಟೇರಿಂಗಿಗೆ, ಅಲ್ಲಿಂದ ನಮ್ಮ ಕೈಗೆ ಬರುತ್ತದೆ. ಡ್ಯಾಂಪರ್ ಅಂದರೆ ಎಣ್ಣೆ ತುಂಬಿದ ಕೊಳವೆ. ಒಂದು ತುದಿ ಎಕ್ಸೆಲ್ಲಿಗೋ ಚಾಸಿಗೋ, ಇನ್ನೊಂದು ತುದಿ ಟೈರಾಡಿಗೆ. ಒಳಗಿನ ಎಣ್ಣೆ ಸಣ್ಣ ರಂಧ್ರದಲ್ಲಿ ಹಾಯಬೇಕಾದ್ದರಿಂದ ನಿಧಾನಕ್ಕೆ ತಿರುಗಿಸಿದರೆ ಬಿಡುತ್ತದೆ, ಒಮ್ಮೆಲೇ ಜಗ್ಗಿದರೆ ತಡೆಯುತ್ತದೆ. ಇಷ್ಟೇ. ಅದು ಸವೆದದ್ದನ್ನು ರಿಪೇರಿ ಮಾಡುವುದಿಲ್ಲ, ಮುಚ್ಚಿಡುತ್ತದೆ. ಅಪಾಯ ಇರುವುದೇ ಅಲ್ಲಿ. ಟೈರಾಡಿನ ಗುಂಡು ಸವೆದು ಸಡಿಲಾಗಿದ್ದರೂ ಡ್ಯಾಂಪರ್ ಹಾಕಿದ ಮೇಲೆ ಕೈಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಅದು ಕಳಚಿ ಬಿದ್ದ ದಿನ. ಹಿಂದೆ ಮಕ್ಕಳು, ಸಂತೆ ಚೀಲ, ಹಾಲಿನ ಕ್ಯಾನು ಇರುವ ಗಾಡಿ ಅದು.

ಹಾಗಾದರೆ ಮೊದಲು ಏನು ನೋಡಬೇಕು? ದುಡ್ಡು ಖರ್ಚಿಲ್ಲ, ಇಬ್ಬರು ಬೇಕು. ಗಾಡಿ ಸಮ ನೆಲದ ಮೇಲೆ ನಿಲ್ಲಲಿ, ಗಾಲಿ ನೆಲದಲ್ಲೇ ಇರಲಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಲೇ ಇರಲಿ. ಇನ್ನೊಬ್ಬರು ಬಗ್ಗಿ ಒಂದೊಂದೇ ಸಂದಿನ ಮೇಲೆ ಬೆರಳಿಟ್ಟು ನೋಡಲಿ. ಒಂದು ಕಡೆ ಅಲುಗಿ ಇನ್ನೊಂದು ಕಡೆ ಅಲುಗದಿದ್ದರೆ ಅದೇ ಸವೆದ ಸಂದು. ಆಮೇಲೆ ಮುಂದಿನ ಗಾಲಿ ಜಾಕ್ ಹಚ್ಚಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸ್ರಿ. ಅಲುಗಿದರೆ ಗಾಲಿಯ ಬೇರಿಂಗೋ ಕಿಂಗ್ ಪಿನ್ನಿನ ಬೇರಿಂಗೋ ಸಡಿಲಾಗಿದೆ. ಬ್ರೇಕ್ ಒತ್ತಿ ಹಿಡಿದಾಗ ಅಲುಗುವುದು ನಿಂತರೆ ಗಾಲಿಯ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಪಾಟಾದ ಬುಶ್ಶು, ಯು ಬೋಲ್ಟು, ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟು, ಇವನ್ನೂ ಬಿಡಬೇಡಿ. ಟೈರಿನ ಗಾಳಿ ಎರಡೂ ಕಡೆ ಸಮ ಇದೆಯೇ? ರಿಮ್ಮಿಗೆ ಒಂದು ಕಡೆ ರಾಡಿ ಮೆತ್ತಿ ಒಣಗಿದ್ದರೂ ಸಾಕು, ವೇಗ ಹೋದಾಗ ಗಾಲಿ ನಡುಗುತ್ತದೆ. ಮಳೆಗಾಲದಲ್ಲಿ ಘಟಪ್ರಭೆ ದಂಡೆಯ ಎರೆಮಣ್ಣಿನಲ್ಲಿ ಓಡಾಡಿದ ಗಾಡಿಯ ನಡುಕ ಗಾಲಿ ತೊಳೆದರೇ ಹೋಗುವುದುಂಟು.

ಇದೆಲ್ಲ ಸರಿ ಮಾಡಿದ ಮೇಲೂ ಕಲ್ಲುದಾರಿಯಲ್ಲಿ, ಕಬ್ಬಿನ ಗಾಡಿ ಕೊರೆದ ಗಾಲಿಜಾಡಿನಲ್ಲಿ ಸ್ಟೇರಿಂಗ್ ಒದ್ದರೆ, ಆಗ ಡ್ಯಾಂಪರ್ ಹಾಕಸ್ರಿ. ನಾನು ಬೇಡ ಅನ್ನುವುದಿಲ್ಲ. ಆರಿಸುವಾಗ ಬ್ರ್ಯಾಂಡಿನ ಹೆಸರಿಗಿಂತ ಅಳತೆ ಮುಖ್ಯ. ಸ್ಟೇರಿಂಗನ್ನು ಪೂರಾ ಎಡಕ್ಕೆ, ಪೂರಾ ಬಲಕ್ಕೆ ತಿರುಗಿಸಿ ಟೈರಾಡು ಎಷ್ಟು ಸರಿಯುತ್ತದೆ ಎಂದು ಟೇಪು ಹಿಡಿದು ಅಳೆಯಿರಿ. ಡ್ಯಾಂಪರಿನ ದಂಡ ಅದಕ್ಕಿಂತ ತುಸು ಹೆಚ್ಚೇ ಓಡಬೇಕು. ಕಡಿಮೆಯಾದರೆ ಗಾಲಿ ಪೂರಾ ತಿರುಗುವ ಮುಂಚೆ ಡ್ಯಾಂಪರ್ ಅಡ್ಡ ನಿಲ್ಲುತ್ತದೆ. ಇರುಕು ದಾರಿಯಲ್ಲಿ ಹೊರಳಿಸುವಾಗ ಒಂದೋ ಗಾಡಿ ತಿರುಗುವುದಿಲ್ಲ, ಇಲ್ಲವೇ ಹಿಡಿಕೆ ಮುರಿಯುತ್ತದೆ.

ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳುವುದು ಕಮ್ಮಿ. ಪಾಟಾದ ಹತ್ತಿರ ನಿಲ್ಲಿಸಿ ಹಾಕುವ ಸಾಮಾನ್ಯ ಶಾಕ್ ಅಬ್ಸಾರ್ಬರನ್ನೇ ಕೆಲವು ಮಿಸ್ತ್ರಿಗಳು ಅಡ್ಡ ಮಲಗಿಸಿ ಸ್ಟೇರಿಂಗಿಗೆ ಹಾಕಿಬಿಡುತ್ತಾರೆ. ಅಂಥದ್ದರೊಳಗೆ ಎಣ್ಣೆಯ ಮೇಲೆ ಗಾಳಿಯ ಜಾಗ ಇರುತ್ತದೆ. ಮಲಗಿಸಿದರೆ ಎಣ್ಣೆಯ ಬದಲು ಗಾಳಿ ಎಳೆದುಕೊಂಡು ನಡುವೆ ಖಾಲಿ ಹೊಡೆಯುತ್ತದೆ. ಅಡ್ಡ ಹಾಕಲೆಂದೇ ಮಾಡಿದ್ದನ್ನು ಕೇಳಿ ತಗೊಳ್ರಿ. ಗ್ಯಾಸ್ ತುಂಬಿದ್ದು ದಂಡವನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಒಂದನ್ನೇ ಹಾಕಿದರೆ ಗಾಡಿ ಒಂದು ಬದಿಗೆ ತುಸು ಎಳೆಯಬಹುದು. ನಮ್ಮ ಕೆಲಸಕ್ಕೆ ಬರೇ ಎಣ್ಣೆಯದು ಸಾಕು. ಎರಡೆರಡು ಡ್ಯಾಂಪರ್ ಹಾಕಿದ ಜೀಪು ನೋಡಲು ಭಾರಿ, ಹೊಲಕ್ಕೆ ಹೋಗಿಬರುವವರಿಗೆ ಅದು ಬೇಕಿಲ್ಲ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗೆ ಬರುವುದೂ ಮಂದವಾಗುತ್ತದೆ.

ಹಿಡಿಕೆ ಎಲ್ಲಿ ಕೂರುತ್ತದೆ ಅನ್ನುವುದನ್ನೂ ನೋಡಿ. ಎಕ್ಸೆಲ್ಲಿಗಿಂತ ಕೆಳಗೆ ಜೋತುಬಿದ್ದರೆ ಮೊದಲ ಬದುವಿನ ಕಲ್ಲೇ ಅದನ್ನು ಜಜ್ಜುತ್ತದೆ.

ನಡುಕಕ್ಕೆ ಮೂಲ ಎಷ್ಟೋ ಸಲ ದೊಡ್ಡ ಟೈರು. ಹಳೇ ಜೀಪಿಗೆ 6.00-16 ಟೈರು ಕೊಟ್ಟದ್ದು ಲೆಕ್ಕ ಹಾಕಿಯೇ. ಹುಡುಗರು ಅಗಲ ಟೈರು, ಹೊರಕ್ಕೆ ಚಾಚುವ ರಿಮ್ಮು ಹಾಕಿಸುತ್ತಾರೆ. ಗಾಲಿ ಹೊರಗೆ ಹೋದಷ್ಟೂ ಕಲ್ಲಿನ ಪೆಟ್ಟಿಗೆ ಸನ್ನೆಗೋಲು ಉದ್ದವಾದಂತೆ. ಆಮೇಲೆ ಡ್ಯಾಂಪರಿಗೆ ಖರ್ಚು! ಕಂಪನಿ ಕೊಟ್ಟದ್ದನ್ನು ಹಾಗೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ.

ಟ್ರ್ಯಾಕ್ಟರಿನವರು ಕೇಳಬಹುದು, ನಮಗೆ? ಪವರ್ ಸ್ಟೇರಿಂಗ್ ಇದ್ದರೆ ಅದರ ಎಣ್ಣೆಯೇ ಪೆಟ್ಟು ನುಂಗುತ್ತದೆ, ಬೇರೆ ಡ್ಯಾಂಪರ್ ಬೇಡ. ಕಾರ್ಖಾನೆಗೆ ಕಬ್ಬು ಎಳೆಯುವಾಗ ಸ್ಟೇರಿಂಗ್ ಹಗುರಾಯಿತೆಂದರೆ ಅದು ಬೇರೆ ರೋಗ. ಹಿಂದಿನ ಭಾರಕ್ಕೆ ಮುಂದಿನ ಗಾಲಿ ನೆಲ ಬಿಡುತ್ತಿದೆ. ಅದಕ್ಕೆ ಮದ್ದು ಹೇರು ಇಳಿಸುವುದು, ಮುಂದೆ ತೂಕ ಕಟ್ಟುವುದು. ಪವರ್ ಇಲ್ಲದ ಹಳೇ ಗಾಡಿ ಯಾವುದೇ ಇರಲಿ, ಕಲ್ಲುದಾರಿಯಲ್ಲಿ ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸುತ್ತಿ ಹಿಡಿಯಬೇಡಿ, ಬಳೆಯ ಮೇಲೆಯೇ ಇರಲಿ. ಗಾಲಿ ಒದ್ದಾಗ ಕಡ್ಡಿ ತಿರುಗಿ ಬೆರಳು ಮುರಿಯುತ್ತದೆ.

ಹಳೇ ಸಾಮಾನಿನ ಅಂಗಡಿಯಲ್ಲಿ ಡ್ಯಾಂಪರ್ ಕೊಳ್ಳುವವರು ಅಡ್ಡ ಹಿಡಿದು ಕೈಯಿಂದ ಎಳೆದು ನೂಕಿ ನೋಡಿ. ಎರಡೂ ಕಡೆಗೆ ಒಂದೇ ಸಮ ಬಿಗಿ ಇರಬೇಕು. ನಡುವೆ ಎಲ್ಲಿಯಾದರೂ ಸಳಕ್ಕನೆ ಜಾರಿದರೆ ಅಥವಾ ದಂಡಕ್ಕೆ ಎಣ್ಣೆ ಜಿನುಗಿದ್ದರೆ ಅಲ್ಲೇ ಇಟ್ಟು ಬನ್ನಿ.