ಸೊನ್ನೆ ಬಿಂದು ಮೂರು ನಿಮಿಷ



ಕಳೆದ ವರ್ಷ ನನ್ನ ಅಕ್ಕನ ವಿಕಿರಣ ಚಿಕಿತ್ಸೆಗಾಗಿ ಐದು ವಾರ ಆಸ್ಪತ್ರೆಗೆ ಓಡಾಡಿದೆ. ಮೊದಲ ದಿನ ಬೆಳಗ್ಗೆ ಬೇಗನೆ ಹೋಗಿ ಕುಳಿತರೂ ಚಿಕಿತ್ಸೆ ಆರಂಭವಾಗಲಿಲ್ಲ. ಯಂತ್ರದ ತಪಾಸಣೆ ನಡೆಯುತ್ತಿದೆ ಎಂದರು. ರಾತ್ರಿ ಬಸ್ಸಿನಲ್ಲಿ ಬಂದಿದ್ದ ಹಿರಿಯರೊಬ್ಬರು, "ನಿನ್ನೆ ಸರಿಯಾಗಿದ್ದುದು ಇವತ್ತು ಕೆಟ್ಟುಹೋಗುತ್ತದೆಯೇ?" ಎಂದು ಸಿಡುಕಿದರು. ನಾನೂ ಮನಸ್ಸಿನಲ್ಲೇ ತಲೆದೂಗಿದೆ. ಈ ವಿಷಯವನ್ನು ಕೂಲಂಕಷವಾಗಿ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

1996ರಲ್ಲಿ ಕೋಸ್ಟರಿಕಾ ದೇಶದ ರಾಜಧಾನಿ ಸಾನ್ ಹೋಸೆಯ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರದ ಹಳೆಯ ವಿಕಿರಣ ಮೂಲವನ್ನು ತೆಗೆದು ಹೊಸದನ್ನು ಇರಿಸಿದರು. ಹೊಸ ಮೂಲದಿಂದ ನಿಮಿಷಕ್ಕೆ ಎಷ್ಟು ವಿಕಿರಣ ಹೊರಡುತ್ತದೆ ಎಂಬುದನ್ನು ಅಳೆದು, ಅದರಂತೆ ರೋಗಿಗೆ ಎಷ್ಟು ಹೊತ್ತು ಕೊಡಬೇಕೆಂದು ಲೆಕ್ಕ ಹಾಕಬೇಕು. ಅಳತೆಯ ಅವಧಿ 0.3 ನಿಮಿಷ. ಲೆಕ್ಕದಲ್ಲಿ ಅದು 30 ಸೆಕೆಂಡು ಎಂದಾಯಿತು. ಎಂಟನೆಯ ತರಗತಿಯಲ್ಲಿ ನನ್ನ ಪಾಠ ಕೇಳಿದ ನೀವು ಈಗಲೇ ನಕ್ಕಿರುತ್ತೀರಿ: 0.3 ನಿಮಿಷವೆಂದರೆ 18 ಸೆಕೆಂಡು! 18 ಸೆಕೆಂಡಿನಲ್ಲಿ ಬಂದುದನ್ನು 30 ಸೆಕೆಂಡಿನದೆಂದು ಬಗೆದುದರಿಂದ ಮೂಲವು ಇರುವುದಕ್ಕಿಂತ ದುರ್ಬಲವಾಗಿ ತೋರಿತು. ರೋಗಿಗಳನ್ನು ಹೆಚ್ಚು ಹೊತ್ತು ಕಿರಣದಡಿ ಇರಿಸಲಾಯಿತು. 115 ರೋಗಿಗಳಿಗೆ ಒಂದೂವರೆ ಪಟ್ಟಿಗೂ ಮೀರಿದ ವಿಕಿರಣ ತಗುಲಿತು. ಹಲವರು ತೀವ್ರವಾಗಿ ನರಳಿದರು, ಕೆಲವರು ಅದರಿಂದಲೇ ಪ್ರಾಣ ಕಳೆದುಕೊಂಡರು. ಆ ಲೆಕ್ಕವನ್ನು ಇನ್ನೊಬ್ಬರು ಸ್ವತಂತ್ರವಾಗಿ ಮಾಡಿ ನೋಡಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ.

1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿಯೂ ಹೊಸ ಕೋಬಾಲ್ಟ್ ಮೂಲದ ಅಳತೆ ತಪ್ಪಿ, ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಶೇಕಡ 25ರಷ್ಟು ಅಧಿಕ ವಿಕಿರಣ ಸಂದಿತು. ತಿಂಗಳುಗಳ ಬಳಿಕ ಹೊರಗಿನವರು ಅಳೆದು ನೋಡಿದಾಗಲೇ ಅದು ಬಯಲಾದದ್ದು.

ತಪ್ಪು ಮಾಡಿದವರನ್ನು ನಾನು ಹಳಿಯಲಾರೆ; ಅದಕ್ಕೆ ಕಾರಣವುಂಟು. ಒಮ್ಮೆ ಎಸ್ಸೆಸ್ಸೆಲ್ಸಿ ಗಣಿತದ ಮೌಲ್ಯಮಾಪನದಲ್ಲಿ, ನಾನು ತಿದ್ದಿದ ಉತ್ತರಪತ್ರಿಕೆಗಳನ್ನು ಉಪಮುಖ್ಯ ಮೌಲ್ಯಮಾಪಕರು ಮತ್ತೆ ನೋಡುತ್ತಿದ್ದರು. ಇಪ್ಪತ್ತು ವರ್ಷದ ಅನುಭವವಿರುವ ನನ್ನನ್ನು ಪರೀಕ್ಷಿಸುವುದೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅವರು ಮಾತಿಲ್ಲದೆ ಒಂದು ಪತ್ರಿಕೆಯನ್ನು ನನ್ನ ಮುಂದಿಟ್ಟರು. ಒಳಗಿನ ಮೊತ್ತ 43. ಮುಖಪುಟದಲ್ಲಿ ನಾನು ಬರೆದದ್ದು 34. ಒಂದೇ ಅಂಕದಿಂದ ಆ ಮಗು ಅನುತ್ತೀರ್ಣವಾಗುತ್ತಿತ್ತು. ಅದರ ಹೆಸರು ನನಗೆ ಇಂದಿಗೂ ತಿಳಿಯದು, ನೋಂದಣಿ ಸಂಖ್ಯೆಯಷ್ಟೇ ಕಂಡದ್ದು. ಅಂದಿನಿಂದ ಮರುಪರಿಶೀಲನೆಯನ್ನು ಅವಮಾನವೆಂದು ನಾನು ಎಣಿಸಿಲ್ಲ.

ಆ ಹಿರಿಯರ ಪ್ರಶ್ನೆಗೂ ಉತ್ತರವಿದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ತಿಂಗಳಿಗೆ ಸುಮಾರು ಶೇಕಡ 1ರಷ್ಟು ಅದರ ಬಲ ತಾನಾಗಿಯೇ ಕುಗ್ಗುತ್ತದೆ. ಇಂದಿನ ಲೀನಿಯರ್ ಆಕ್ಸಿಲರೇಟರುಗಳಲ್ಲಿ ವಿಕಿರಣ ಹೊಮ್ಮುವುದು ವಿದ್ಯುತ್ತಿನಿಂದ. ಅಲ್ಲಿಯೂ ಪ್ರಮಾಣ ಏರುಪೇರಾಗಬಹುದು. ಆದ್ದರಿಂದಲೇ ಪ್ರತಿದಿನ ಮೊದಲ ರೋಗಿಗೂ ಮುನ್ನ ವಿಕಿರಣದ ಪ್ರಮಾಣ, ಕಿರಣದ ಗುರಿ ತೋರುವ ಲೇಸರ್ ಗೆರೆಗಳು, ಬಾಗಿಲು ತೆರೆದರೆ ಯಂತ್ರ ನಿಲ್ಲುವ ವ್ಯವಸ್ಥೆ ಇವನ್ನೆಲ್ಲ ನೋಡುತ್ತಾರೆ. ಪ್ರಮಾಣದಲ್ಲಿ ಶೇಕಡ 3ರಷ್ಟು ವ್ಯತ್ಯಾಸ ಕಂಡರೂ ಕಾರಣ ಹುಡುಕಬೇಕು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ವಿಶ್ವ ಆರೋಗ್ಯ ಸಂಸ್ಥೆಯೊಡನೆ 1969ರಿಂದ ಪುಟ್ಟ ಮಾಪಕಗಳನ್ನು ಅಂಚೆಯಲ್ಲಿ ಕಳುಹಿಸಿ, ಆಸ್ಪತ್ರೆಗಳ ಅಳತೆಯನ್ನು ದೂರದಿಂದಲೇ ಪರೀಕ್ಷಿಸುತ್ತ ಬಂದಿದೆ. ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ, ಅರ್ಹ ವೈದ್ಯಕೀಯ ಭೌತವಿಜ್ಞಾನಿಯಿಲ್ಲದೆ ಇಂಥ ಕೇಂದ್ರ ನಡೆಸುವಂತಿಲ್ಲ.

ರೋಗಿಗಳು ಸಾಲುಗಟ್ಟಿರುವಾಗ ತಪಾಸಣೆಗೆ ಇಷ್ಟು ಹೊತ್ತು ಬೇಕೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಕಾಯುವುದರಿಂದಲೂ ರೋಗ ಬೆಳೆಯುತ್ತದೆ. ಆದರೆ ಅದಕ್ಕೆ ಪರಿಹಾರ ಇನ್ನಷ್ಟು ಯಂತ್ರಗಳು, ಇನ್ನಷ್ಟು ಭೌತವಿಜ್ಞಾನಿಗಳು, ತಪಾಸಣೆಯನ್ನು ಮೊಟಕುಗೊಳಿಸುವುದಲ್ಲ. ಅನ್ನ ಹೊತ್ತಿಹೋದರೆ ಇನ್ನೊಮ್ಮೆ ಬೇಯಿಸಬಹುದು. ದೇಹಕ್ಕೆ ಹೊಕ್ಕ ವಿಕಿರಣವನ್ನು ಮರಳಿ ತೆಗೆಯಲಾಗದು.

ನಿಮ್ಮಲ್ಲಿ ಯಾರಾದರೂ ಅಂಥ ಬಾಗಿಲ ಮುಂದೆ ಕಾಯಬೇಕಾಗಿ ಬಂದರೆ, ಒಳಗಿನವರನ್ನು ಅವಸರಪಡಿಸಬೇಡಿ. ಎರಡನೆಯ ದಿನದಿಂದ ಅಕ್ಕನೂ ನಾನೂ ಕಾಫಿ ಫ್ಲಾಸ್ಕ್ ಒಯ್ಯತೊಡಗಿದೆವು. ಆ ಹಿರಿಯರಿಗೂ ಒಂದು ಲೋಟ ಕೊಟ್ಟು, 0.3 ನಿಮಿಷದ ಕತೆ ಹೇಳಿದೆ. ಮರುದಿನ ಅವರೇ ಹೊಸದಾಗಿ ಬಂದವರೊಬ್ಬರಿಗೆ ಅದನ್ನು ವಿವರಿಸುತ್ತಿದ್ದರು.