ಮಟ್ಟ ತಿಳಿದರೆ ಸಾಲದು, ಮೊತ್ತ ತಿಳಿಯಬೇಕು

ಆನೇಮಹಲ್, ಸಕಲೇಶಪುರ, ಆಲೂರು ಕಡೆಯ ಬೆಳೆಗಾರರಿಗೆ ಅಳತೆಯ ಶಿಸ್ತನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಬೆಳಗ್ಗೆ ಎದ್ದು ಮಳೆಮಾಪಕ ನೋಡಿ, ಎಷ್ಟು ಸೆಂಟ್ ಬಂತೆಂದು ಪುಸ್ತಕದಲ್ಲಿ ಬರೆದಿಡುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ನೂರು ಸೆಂಟಿಗೆ ಒಂದಿಂಚು ಎಂಬ ಲೆಕ್ಕ ತೋಟದ ಮನೆಯ ಮಕ್ಕಳಿಗೂ ಗೊತ್ತು. ಆದರೆ ಆಕಾಶದಿಂದ ಬಿದ್ದ ನೀರಿಗೆ ಇರುವ ಈ ಲೆಕ್ಕ, ಅದೇ ನೀರು ಕೆರೆಗೋ ತೊಟ್ಟಿಗೋ ಇಳಿದ ಮೇಲೆ ಇರುವುದಿಲ್ಲ. ಅಲ್ಲಿ ‘ಅರ್ಧ ಇದೆ’, ‘ಮುಕ್ಕಾಲು ಇದೆ’ ಎಂಬ ಕಣ್ಣಂದಾಜೇ ನಡೆಯುತ್ತದೆ.

ಈಚೆಗೆ ಟ್ಯಾಂಕಿನ ಮಟ್ಟ ತೋರಿಸುವ ಉಪಕರಣಗಳು ಪೇಟೆಗೆ ಬೇಕಾದಷ್ಟು ಬಂದಿವೆ. ಕೆಲವು ನೂರು ರೂಪಾಯಿಯ ಫ್ಲೋಟ್ ಸ್ವಿಚ್ಚಿನಿಂದ ಹಿಡಿದು ಕಾರ್ಖಾನೆಗಳಲ್ಲಿ ಬಳಸುವ ದುಬಾರಿ ರೇಡಾರ್ ಮಾಪಕದವರೆಗೆ ಎಲ್ಲವೂ ದೊರೆಯುತ್ತವೆ. ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ಕೆರೆಯ ಮಟ್ಟ ನೋಡಬಹುದೆಂದು ಮಾರುವವರು ಹೇಳುತ್ತಾರೆ. ಅದು ಸುಳ್ಳೇನೂ ಅಲ್ಲ. ಆದರೆ ಯಾವ ಉಪಕರಣ ಕೊಳ್ಳುವ ಮೊದಲೂ ಎರಡು ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಒಂದು, ಟ್ಯಾಂಕಿನಲ್ಲಿ ಇರುವುದು ಏನು? ಎರಡು, ಅಳತೆ ತಿಳಿದ ಮೇಲೆ ನಾವು ಮಾಡುವುದೇನು? ಈ ಎರಡಕ್ಕೂ ಉತ್ತರ ಸಿಗದೆ ಕೊಂಡ ಯಂತ್ರ ಕೇವಲ ಅಲಂಕಾರವಾದೀತು.

ಮೊದಲಿಗೆ ಕೆರೆಯನ್ನೇ ನೋಡೋಣ. ರೋಬಸ್ಟಾ ತೋಟಕ್ಕೆ ಫೆಬ್ರವರಿ–ಮಾರ್ಚಿಯಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿನಿಂದ ಒಂದರಿಂದ ಒಂದೂವರೆ ಇಂಚು ನೀರು ಕೊಡುತ್ತೇವೆ. ಒಂದು ಎಕರೆಗೆ ಒಂದಿಂಚು ಎಂದರೆ ಸುಮಾರು ೧ ಲಕ್ಷ ೩ ಸಾವಿರ ಲೀಟರು. ಈಗ ಮೇಲ್ಗಡೆ ೬೦ ಅಡಿ ಚೌಕ, ತಳದಲ್ಲಿ ೩೦ ಅಡಿ ಚೌಕ, ೧೦ ಅಡಿ ಆಳದ ಇಳಿಜಾರು ದಡದ ಹೊಂಡವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತುಂಬಿದಾಗ ಅದರಲ್ಲಿ ಸುಮಾರು ೫ ಲಕ್ಷ ೯೫ ಸಾವಿರ ಲೀಟರು ನೀರಿರುತ್ತದೆ. ನೀರು ಐದು ಅಡಿಗೆ ಇಳಿದಾಗ ಅರ್ಧ ಉಳಿಯಿತೆಂದು ಕಣ್ಣು ಹೇಳುತ್ತದೆ. ಆದರೆ ಉಳಿದಿರುವುದು ಸುಮಾರು ೨ ಲಕ್ಷ ೨ ಸಾವಿರ ಲೀಟರು, ಅಂದರೆ ಮೂರರಲ್ಲಿ ಒಂದು ಪಾಲು ಮಾತ್ರ. ಅರ್ಧ ಇದೆಯೆಂದು ನಂಬಿ ಮೂರು ಎಕರೆಗೆ ಪೈಪು ಎಳೆದವನಿಗೆ ಎರಡೇ ಎಕರೆಗೆ ನೀರು ಮುಗಿಯುತ್ತದೆ. ಮೂರನೆಯ ಎಕರೆಯಲ್ಲಿ ಅರೆಬರೆ ನೆನೆದ ಗಿಡದ ಮೊಗ್ಗು ಸರಿಯಾಗಿ ಅರಳದಿದ್ದರೆ ಆ ವರ್ಷದ ಫಸಲಿಗೇ ಪೆಟ್ಟು. ಹದಿನೈದು ಇಪ್ಪತ್ತು ದಿನ ಬಿಟ್ಟು ಕೊಡಬೇಕಾದ ಬ್ಯಾಕಿಂಗ್ ನೀರಿನ ಮಾತಂತೂ ದೂರವೇ ಉಳಿಯಿತು.

ಇದು ನಮ್ಮ ಹೊಂಡಗಳಿಗೆ ಮಾತ್ರ ಸೇರಿದ ವಿಚಾರವಲ್ಲ. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಗೊರೂರಿನ ಹೇಮಾವತಿ ಜಲಾಶಯದ ಮಟ್ಟ ಅಡಿಗಳಲ್ಲಿಯೂ ಸಂಗ್ರಹ ಟಿ.ಎಂ.ಸಿ.ಗಳಲ್ಲಿಯೂ ಬೇರೆ ಬೇರೆಯಾಗಿ ಅಚ್ಚಾಗಿರುತ್ತವೆ. ಪೂರ್ಣ ಮಟ್ಟ ೨,೯೨೨ ಅಡಿ, ಪೂರ್ಣ ಸಂಗ್ರಹ ಸುಮಾರು ೩೭.೧ ಟಿ.ಎಂ.ಸಿ. ಎರಡನ್ನೂ ಹೇಳುವುದೇಕೆ? ತಳದ ಒಂದು ಅಡಿಯಲ್ಲಿ ಹಿಡಿಯುವ ನೀರಿಗಿಂತ ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಎಷ್ಟೋ ಪಾಲು ಹೆಚ್ಚು. ಅದಕ್ಕಾಗಿಯೇ ಅಡಿಗೆ ಇಷ್ಟು ನೀರು ಎಂಬ ಪಟ್ಟಿಯನ್ನು ಎಂಜಿನಿಯರುಗಳು ಮೊದಲೇ ಮಾಡಿಟ್ಟಿರುತ್ತಾರೆ. ಉಪಕರಣ ತೋರಿಸುವುದು ಮಟ್ಟವನ್ನು; ಮೊತ್ತವನ್ನು ಹೇಳುವುದು ಪಟ್ಟಿ. ದೊಡ್ಡ ಅಣೆಕಟ್ಟಿಗೆ ಬೇಕಾದ ಪಟ್ಟಿ ನಮ್ಮ ಸಣ್ಣ ಹೊಂಡಕ್ಕೆ ಬೇಡವೆನ್ನಲು ಕಾರಣವಿಲ್ಲ.

ಮಲಗಿಸಿಟ್ಟ ಉರುಟು ಟ್ಯಾಂಕಿಗೂ ಇದೇ ಮಾತು. ನಾಲ್ಕು ಅಡಿ ವ್ಯಾಸದ ಡೀಸೆಲ್ ಟ್ಯಾಂಕಿನಲ್ಲಿ ಅಳತೆಕೋಲು ಒಂದು ಅಡಿ ತೋರಿಸಿದರೆ ಕಾಲು ಭಾಗ ಇದೆ ಎನಿಸುತ್ತದೆ. ನಿಜವಾಗಿ ಇರುವುದು ಐದರಲ್ಲಿ ಒಂದು ಪಾಲಿಗಿಂತಲೂ ತುಸು ಕಡಿಮೆ. ಅಡಿಕೆಗೆ ಬೋರ್ಡೋ ದ್ರಾವಣ ಮಾಡುವ ಬ್ಯಾರೆಲ್ಲನ್ನೇ ನೋಡಿ. ಶೇಕಡಾ ಒಂದರ ದ್ರಾವಣಕ್ಕೆ ಎರಡು ಕಿಲೋ ಮೈಲುತುತ್ತ, ಎರಡು ಕಿಲೋ ಸುಣ್ಣ, ೨೦೦ ಲೀಟರು ನೀರು. ಬ್ಯಾರೆಲ್ಲನ್ನು ಕಂಠದವರೆಗೆ ತುಂಬಿದರೆ ೨೦೦ ಲೀಟರಿಗೆ ಮೀರುತ್ತದೆ, ದ್ರಾವಣ ತೆಳುವಾಗುತ್ತದೆ. ಅಳೆದ ಕೊಡದಿಂದ ಒಮ್ಮೆ ನೀರು ಸುರಿದು ೨೦೦ರ ಗೆರೆಯನ್ನು ಬಣ್ಣದಲ್ಲಿ ಎಳೆದಿಟ್ಟರೆ ಯಾವ ಯಂತ್ರವೂ ಬೇಡ.

ಇನ್ನು ಉಪಕರಣಗಳ ವಿಚಾರ. ಇವುಗಳಲ್ಲಿ ಎರಡು ಜಾತಿ. ‘ತುಂಬಿತೇ, ಬರಿದಾಯಿತೇ’ ಎಂದಷ್ಟೇ ಹೇಳುವವು ಒಂದು ಜಾತಿ, ‘ಈಗ ಎಷ್ಟಿದೆ’ ಎಂದು ಸದಾ ಹೇಳುತ್ತಿರುವವು ಇನ್ನೊಂದು. ಮೋಟಾರು ನೀರಿಲ್ಲದೆ ಓಡಿ ಸುಡಬಾರದು, ಮೇಲಿನ ಟ್ಯಾಂಕು ಉಕ್ಕಿ ಹರಿಯಬಾರದು ಎನ್ನುವುದಷ್ಟೇ ಉದ್ದೇಶವಾದರೆ ಮೊದಲ ಜಾತಿಯದೇ ಸಾಕು. ತೇಲುವ ಫ್ಲೋಟ್ ಸ್ವಿಚ್ ಅಥವಾ ನೀರಿಗೆ ಇಳಿಬಿಟ್ಟ ಎಲೆಕ್ಟ್ರೋಡ್ ಸರಳುಗಳು ಈ ಕೆಲಸ ಚೆನ್ನಾಗಿ ಮಾಡುತ್ತವೆ. ನೀರಿನ ಮೂಲಕ ವಿದ್ಯುತ್ ಹರಿಯುವುದೇ ಎಲೆಕ್ಟ್ರೋಡಿನ ಗುಟ್ಟು. ಡೀಸೆಲ್ಲಿನಲ್ಲಿ ಅದು ಹರಿಯದ ಕಾರಣ ಅಲ್ಲಿ ಇದು ನಡೆಯದು. ಅಲ್ಲದೆ ಇಂಧನದ ಟ್ಯಾಂಕಿಗೆ ಕಿಡಿ ಹಾರದಂತೆ ತಯಾರಿಸಿದ, ಪ್ರಮಾಣಪತ್ರವಿರುವ ಉಪಕರಣವನ್ನೇ ಹಾಕಬೇಕು. ಸಾಮಾನ್ಯ ಸ್ವಿಚ್ಚು ಹಾಕುವುದು ಅಪಾಯ.

ಸದಾ ಮಟ್ಟ ತಿಳಿಯಬೇಕಾದರೆ ಅಗ್ಗದ ದಾರಿ ಅಳತೆಕೋಲು, ಪಾರದರ್ಶಕ ಕೊಳವೆ, ಇಲ್ಲವೇ ಹಗ್ಗಕ್ಕೆ ಕಟ್ಟಿದ ಫ್ಲೋಟು ಮತ್ತು ಹೊರಗಿನ ಅಂಕಿ ಹಲಗೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಟ್ಯಾಂಕಿನ ಬುಡದಲ್ಲಿ ಒತ್ತಡ ಅಳೆಯುವ ಮಾಪಕ. ಹತ್ತು ಅಡಿ ನೀರು ತಳದ ಪ್ರತಿ ಚದರ ಇಂಚಿನ ಮೇಲೆ ಸುಮಾರು ೪.೩ ಪೌಂಡು ಒತ್ತುತ್ತದೆ, ಟ್ಯಾಂಕಿನ ಆಕಾರ ಹೇಗಾದರೂ ಇರಲಿ. ಆದರೆ ಡೀಸೆಲ್ ನೀರಿಗಿಂತ ಹಗುರ. ನೀರಿಗೆಂದು ಹೊಂದಿಸಿದ ಮಾಪಕವನ್ನು ಡೀಸೆಲ್ಲಿಗೆ ಹಾಕಿದರೆ ಇರುವುದಕ್ಕಿಂತ ಸುಮಾರು ಆರರಲ್ಲೊಂದು ಪಾಲು ಕಡಿಮೆ ತೋರಿಸೀತು.

ಅಲ್ಟ್ರಾಸಾನಿಕ್ ಮಾಪಕ ಮೇಲಿನಿಂದ ಶಬ್ದ ಕಳಿಸಿ, ನೀರಿಗೆ ತಾಗಿ ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕಹಾಕುತ್ತದೆ. ದ್ರವವನ್ನು ಮುಟ್ಟದಿರುವುದು ಇದರ ದೊಡ್ಡ ಗುಣ. ಆದರೆ ಶಬ್ದದ ವೇಗ ಗಾಳಿಯ ಬಿಸಿಯೊಡನೆ ಬದಲಾಗುತ್ತದೆ. ಹತ್ತು ಡಿಗ್ರಿ ಹೆಚ್ಚುಕಡಿಮೆಯಾದರೆ ಹತ್ತು ಅಡಿ ದೂರದಲ್ಲಿ ಎರಡಿಂಚಿನಷ್ಟು ತಪ್ಪು ಬರಬಹುದು. ಆದ್ದರಿಂದ ಬಿಸಿಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುವಂಥದೇ ಎಂದು ಕೇಳಿ ಕೊಳ್ಳಬೇಕು. ತನ್ನ ಮೂತಿಗೆ ತೀರ ಹತ್ತಿರ ಬಂದ ನೀರು ಇದಕ್ಕೆ ಕಾಣುವುದಿಲ್ಲ, ಆದಕಾರಣ ತುಂಬಿದ ಮಟ್ಟಕ್ಕಿಂತ ತಕ್ಕಷ್ಟು ಎತ್ತರದಲ್ಲಿ ಕೂರಿಸಬೇಕು. ರೇಡಾರ್ ಮಾಪಕ ಶಬ್ದದ ಬದಲು ರೇಡಿಯೋ ಅಲೆ ಬಳಸುವುದರಿಂದ ಬಿಸಿ, ಹಬೆ, ಧೂಳುಗಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಬರಿಯ ನೀರಿನ ಕೆರೆಗೆ ಅದನ್ನು ಹಾಕುವ ಅಗತ್ಯ ನಮಗೆ ಕಾಣದು.

ಪಲ್ಪರ್ ನೀರಿನ ಗುಂಡಿಯದು ಬೇರೆಯೇ ಕಥೆ. ಹಣ್ಣಿನ ಲೋಳೆಯಿಂದ ಮೇಲೆ ನೊರೆ, ತಳದಲ್ಲಿ ಗಸಿ. ನೊರೆ ಶಬ್ದವನ್ನು ನುಂಗಿಬಿಡುತ್ತದೆ, ದಪ್ಪ ನೊರೆ ರೇಡಾರನ್ನೂ ದಾರಿ ತಪ್ಪಿಸಬಲ್ಲದು. ಫ್ಲೋಟಿನ ಮೇಲೆ ಲೋಳೆ ಹತ್ತಿ ಅದು ಅಲುಗಾಡದೆ ನಿಲ್ಲುತ್ತದೆ. ಇಲ್ಲಿ ಉಕ್ಕುವ ಮುನ್ನ ಎಚ್ಚರಿಸುವ ಒಂದು ಸ್ವಿಚ್ಚು, ವಾರಕ್ಕೊಮ್ಮೆ ಅದನ್ನು ತೊಳೆಯುವ ಒಬ್ಬ ಆಳು, ಇವೆರಡೇ ಸರಿಯಾದ ವ್ಯವಸ್ಥೆ. ಈ ಗುಂಡಿ ಉಕ್ಕಿದರೆ ಹಳ್ಳಕ್ಕೆ ಸೇರುತ್ತದೆ, ಹಳ್ಳ ಹೇಮಾವತಿಗೆ. ಕೆಳಗಿನವರು ಕುಡಿಯುವ ನೀರು ಅದೇ ಎಂಬುದನ್ನು ಮರೆಯಲಾಗದು.

ಕಾಫಿ ತುಂಬುವ ಕಣಜದ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಾಳು ನೀರಿನಂತೆ ಸಮತಟ್ಟಾಗಿ ನಿಲ್ಲುವುದಿಲ್ಲ. ಮೇಲಿಂದ ಸುರಿದರೆ ನಡುವೆ ಗುಡ್ಡೆ, ಕೆಳಗಿಂದ ತೆಗೆದರೆ ನಡುವೆ ಗುಳಿ. ಹತ್ತು ಅಡಿ ವ್ಯಾಸದ ಕಣಜದಲ್ಲಿ ಗುಡ್ಡೆಯ ಇಳಿಜಾರು ೩೦ ಡಿಗ್ರಿ ಎಂದು ಹಿಡಿದರೆ ತುದಿಗೂ ಗೋಡೆಯ ಅಂಚಿಗೂ ಸುಮಾರು ಮೂರಡಿ ವ್ಯತ್ಯಾಸ. ಮಾಪಕ ಆ ತುದಿಯನ್ನೇ ನೋಡಿ ಅದನ್ನೇ ಮಟ್ಟವೆಂದು ಹೇಳಿದರೆ ನೂರಕ್ಕೂ ಮೇಲೆ ಫಾರ್ಲಿಟ್ ಇಲ್ಲದ ಕಾಫಿ ಲೆಕ್ಕಕ್ಕೆ ಬರುತ್ತದೆ. ೪೦ ಲೀಟರಿನ ಫಾರ್ಲಿಟ್ಟಿಗೆ ೧೫ ಕಿಲೋ ಎಂದರೂ ಅದು ಒಂದೂವರೆ ಟನ್ನಿಗೆ ಮೀರಿದ ಲೆಕ್ಕ, ೫೦ ಕಿಲೋ ಚೀಲದಲ್ಲಿ ಮೂವತ್ತಕ್ಕೂ ಹೆಚ್ಚು.

ಫಾರ್ಲಿಟ್ ಅಳತೆ ಕಲಿಸುವ ಪಾಠವೇ ಇದು. ಕಣದಲ್ಲಿ ಒಣಗುವ ಕಾಫಿಯ ಫಾರ್ಲಿಟ್ ತೂಕ ಎರಡು ದಿನ ಒಂದೇ ಸಮನೆ ನಿಂತರೆ ಒಣಗಿತೆಂದು ತಿಳಿಯುತ್ತೇವೆ. ಅಂದರೆ ಪಾತ್ರೆ ಅದೇ, ಮಟ್ಟ ಅದೇ, ತೂಕ ಮಾತ್ರ ದಿನದಿನಕ್ಕೆ ಬೇರೆ. ೧೯೯೬ರಲ್ಲಿ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡ ಮೇಲೆ ನಮ್ಮ ಕಾಫಿಯ ಲೆಕ್ಕ, ಮಾರಾಟ ಎರಡೂ ನಮ್ಮ ಹೊಣೆಯೇ ಆಗಿವೆ. ಹಣ ಕೈ ಬದಲಾಗುವ ಕಡೆ ಮಟ್ಟದ ಅಳತೆಯನ್ನು ಒಪ್ಪಬಾರದು, ತೂಕವೇ ಆಗಬೇಕು. ಕಣಜವನ್ನೇ ತೂಗುವ ಲೋಡ್ ಸೆಲ್‌ಗಳು ಅದರ ಕಾಲಿನಡಿ ಇದ್ದರೆ ಸರಿ, ಇಲ್ಲವಾದರೆ ಚೀಲ ತಕ್ಕಡಿಗೇ ಏರಲಿ. ಕಣಜದ ಮಾಪಕ ಇರಬೇಕಾದುದು ಉಕ್ಕದಂತೆ, ಬರಿದಾಗದಂತೆ ನೋಡಿಕೊಳ್ಳಲು.

ನಮ್ಮ ಸೀಮೆಯ ಕಷ್ಟಗಳು ಕಂಪನಿಯ ಪುಸ್ತಿಕೆಯಲ್ಲಿ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲು, ಬಂದು ಹೋಗುವ ಕರೆಂಟು, ಜೂನಿನಿಂದ ಮೂರು ತಿಂಗಳ ತೇವ, ಕೆರೆಯ ಏರಿಯ ಮೇಲೆ ನಡೆದು ಬರುವ ಆನೆ, ಇವೆಲ್ಲವನ್ನೂ ಉಪಕರಣ ತಾಳಬೇಕು. ಸಿಡಿಲಿನಿಂದ ರಕ್ಷಣೆ ಏನು, ಕೆಟ್ಟರೆ ಸರಿಪಡಿಸುವವರು ಸಕಲೇಶಪುರಕ್ಕೋ ಹಾಸನಕ್ಕೋ ಬರುತ್ತಾರೆಯೇ ಎಂದು ಬಿಲ್ಲಿಗೆ ಮೊದಲೇ ಕೇಳಬೇಕು. ಎಷ್ಟೇ ಬೆಲೆಯ ಮಾಪಕ ಹಾಕಿದರೂ ಅಳತೆಕೋಲನ್ನು ಎಸೆಯಬಾರದು. ತಿಂಗಳಿಗೊಮ್ಮೆ ಎರಡನ್ನೂ ತಾಳೆ ನೋಡಬೇಕು.

ಕೊನೆಯದಾಗಿ ಒಂದು ಸಲಹೆ. ಪ್ರತಿಯೊಬ್ಬರೂ ತಮ್ಮ ಹೊಂಡದ ಲೆಕ್ಕ ತಾವೇ ಹಾಕುವುದು ಸಣ್ಣ ಬೆಳೆಗಾರರಿಗೆ ಸುಲಭವಲ್ಲ. ಬೇಸಿಗೆಯಲ್ಲಿ ಹೊಂಡಗಳು ತಳ ಕಂಡಾಗ ಸಂಘದ ವತಿಯಿಂದ ಒಬ್ಬ ಅಳತೆಗಾರನನ್ನು ನೇಮಿಸಿ, ಸದಸ್ಯರ ಹೊಂಡ, ಟ್ಯಾಂಕುಗಳಿಗೆ ಅಡಿಗೆ ಇಷ್ಟು ಲೀಟರೆಂಬ ಪಟ್ಟಿ ಮಾಡಿಸಿಕೊಡಬಹುದು. ಹತ್ತಾರು ಜನ ಒಟ್ಟಾಗಿ ಒಂದೇ ಬಗೆಯ ಉಪಕರಣ ಕೊಂಡರೆ ಬೆಲೆಯೂ ಇಳಿದೀತು, ದುರಸ್ತಿಯವನೂ ಬಂದಾನು. ಮುಂದಿನ ಸಭೆಯಲ್ಲಿ ಸದಸ್ಯರು ಇದನ್ನು ಚರ್ಚೆಗೆ ತರಬೇಕೆಂದು ಕೋರುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಕಾಲು ಚಾಚುವ ಮೊದಲು ಹಾಸಿಗೆಯ ಉದ್ದ ಅಳೆದುಕೊಳ್ಳೋಣ.