ಮಧುಮೇಹವೂ ನಮ್ಮ ಪುರಪ್ರಮುಖರೂ

ಪ್ರತಿವರ್ಷವೂ ನವೆಂಬರ್ 14ರಂದು ವಿಶ್ವ ಮಧುಮೇಹ ದಿನವು ಬರುತ್ತದೆ. ಇನ್ಸುಲಿನ್ನನ್ನು ಲೋಕಕ್ಕೆ ದೊರಕಿಸಿಕೊಟ್ಟವರಲ್ಲಿ ಮುಖ್ಯರಾದ ಫ್ರೆಡರಿಕ್ ಬ್ಯಾಂಟಿಂಗರು 1891ರಲ್ಲಿ ಹುಟ್ಟಿದ ದಿನವದು. ನಮ್ಮ ದೇಶದಲ್ಲಿ ಪಂಡಿತ ನೆಹರೂ ಅವರ ಜನ್ಮದಿನವೂ ಅದೇ ಆಗಿ, ಮಕ್ಕಳ ದಿನವೆಂದು ಹೆಸರಾಗಿದೆ. ಆ ದಿನ ಬೆಳಗ್ಗೆ ಜನನಾಯಕರೂ ಚಿತ್ರನಟರೂ ಕ್ರೀಡಾಪಟುಗಳೂ ಬಂದು ಹಸಿರು ನಿಶಾನೆಯನ್ನು ಬೀಸುವುದು, ನಾಲ್ಕು ಹೆಜ್ಜೆ ನಡೆಯುವುದು, ಸಕ್ಕರೆಯನ್ನು ಬಿಡಿರೆಂದು ಬೋಧಿಸುವುದು ನಮ್ಮ ನಗರಗಳ ವಾಡಿಕೆಯಾಗಿದೆ. ಇದನ್ನು ನಾವು ಹಳಿಯುವುದಿಲ್ಲ. ಒಬ್ಬ ವೈದ್ಯನು ಹತ್ತು ವರ್ಷ ಹೇಳಿದರೂ ಕಿವಿಗೊಡದವನು ತನ್ನ ಮೆಚ್ಚಿನ ನಟನ ಒಂದು ಮಾತಿಗೆ ರಕ್ತಪರೀಕ್ಷೆ ಮಾಡಿಸಿಕೊಂಡರೆ ಅದು ಸಣ್ಣ ಲಾಭವಲ್ಲ. ಆದರೆ ನವೆಂಬರ್ 15ರ ಬೆಳಗ್ಗೆ ಆ ರೋಗಿಯ ಕೈಯಲ್ಲಿ ಉಳಿಯುವುದೇನು ಎಂಬ ಪ್ರಶ್ನೆಯನ್ನು ಕೇಳದಿರಲು ನಮಗೆ ಸಾಧ್ಯವಿಲ್ಲ.

ರೋಗದ ವ್ಯಾಪ್ತಿಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಅಧಿಕ. ಇದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ಸುತ್ತುವ ಉಳ್ಳವರ ಕಾಯಿಲೆಯೆಂಬ ಭ್ರಮೆಯು ಈಗ ಉಳಿಯಲಾರದು. ಕೂಲಿಯವನಿಗೂ ಬರುತ್ತದೆ, ಗಾರೆಯವನಿಗೂ ಬರುತ್ತದೆ. ಅವನಿಗಾದರೋ ಕಾಲಿನ ಹುಣ್ಣು ಕೊಳೆಯತೊಡಗಿದ ಮೇಲೆ, ಇಲ್ಲವೆ ಕಣ್ಣು ಮಸಕಾದ ಮೇಲೆ ಗೊತ್ತಾಗುತ್ತದೆ.

ಗೊತ್ತಾದ ಮೇಲೂ ಮುಚ್ಚಿಡುವವರಿದ್ದಾರೆ. ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ ಇನ್ಸುಲಿನ್ ಬೇಕೆಂಬುದನ್ನು ನೆಂಟರಿಗೆ ತಿಳಿಯದಂತೆ ಕಾಪಾಡುವ ತಾಯಿತಂದೆಗಳು ನಮ್ಮಲ್ಲಿ ಅಪರೂಪವಲ್ಲ. ಪ್ರಸಿದ್ಧರ ಹೆಸರು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ನೆರೆಯ ಪಾಕಿಸ್ತಾನದ ವಾಸಿಂ ಅಕ್ರಮರಿಗೆ 1997ರಲ್ಲಿ, ಸುಮಾರು 30ರ ಪ್ರಾಯದಲ್ಲಿ, ಈ ರೋಗವಿರುವುದು ಗೊತ್ತಾಯಿತು. ಅವರು ಅದನ್ನು ಅಡಗಿಸಲಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ 2003ರವರೆಗೆ ಚೆಂಡೆಸೆದರು. ಒಂದು ದಿನದ ಪಂದ್ಯಗಳಲ್ಲಿ 500ನೆಯ ವಿಕೆಟ್ಟನ್ನು ಪಡೆದದ್ದೂ ಆ ವರ್ಷವೇ. ಇಂತಹ ಒಂದು ಉದಾಹರಣೆಯು ನೂರು ನಡಿಗೆಗಳಿಗೆ ಸಮ. ನಮ್ಮ ನಾಡಿನ ಎಷ್ಟು ಮಂದಿ ಮುಂದಾಳುಗಳು ವೇದಿಕೆಯ ಮೇಲೆ ನಿಂತು, "ನನಗೂ ಇದೆ, ನಾನು ಹೀಗೆ ನಿಭಾಯಿಸುತ್ತಿದ್ದೇನೆ" ಎಂದು ಹೇಳಿದ್ದಾರೆಂಬುದನ್ನು ಓದುಗರೇ ಎಣಿಸಿ ನೋಡಲಿ.

ಮೈಸೂರಿಗೆ ಈ ವಿಷಯದಲ್ಲಿ ಪರದೇಶದ ಮಾದರಿಯು ಬೇಕಾಗಿಯೂ ಇಲ್ಲ. ಕ್ಷಯವು ಇಂದಿನ ಮಧುಮೇಹಕ್ಕಿಂತ ನೂರು ಪಾಲು ಹೆಚ್ಚು ನಾಚಿಕೆಯ ರೋಗವಾಗಿದ್ದ ಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಸೋದರಿ ಕೃಷ್ಣಾಜಮ್ಮಣ್ಣಿಯವರು ಆ ರೋಗಕ್ಕೆ ತುತ್ತಾದರು. ಅರಮನೆಯವರು ಬಯಸಿದ್ದರೆ ಗೋಡೆಯ ಒಳಗೇ ಆ ದುಃಖವನ್ನು ಹೂಳಬಹುದಾಗಿತ್ತು. ಹಾಗೆ ಮಾಡದೆ, 1921ರಲ್ಲಿ ಕ್ಷಯರೋಗಿಗಳಿಗಾಗಿ ಆಸ್ಪತ್ರೆಯನ್ನೇ ತೆರೆದು, ರೋಗದ ಹೆಸರಿನ ಪಕ್ಕದಲ್ಲಿ ರಾಜಕುಮಾರಿಯ ಹೆಸರನ್ನು ಬರೆಯಿಸಿದರು. ಶತಮಾನವು ಕಳೆದರೂ ಪಿ.ಕೆ. ಸ್ಯಾನಟೋರಿಯಂ ಎಂದರೆ ಊರಿಗೆಲ್ಲ ಗೊತ್ತು. ಹೆಸರನ್ನು ಕೊಡುವುದೆಂದರೆ ಇದು: ಹೆಸರಿನ ಹಿಂದೆ ಮಂಚವಿತ್ತು, ದಾದಿಯಿದ್ದಳು, ಔಷಧಿಯಿತ್ತು.

ಇನ್ನೊಂದು ಸಂಗತಿಯನ್ನು ನಮ್ಮ ನಗರವೇ ಮರೆತಂತೆ ಕಾಣುತ್ತದೆ. ಮಂಡಿ ಮೊಹಲ್ಲಾದಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಮೊದಲುಗೊಂಡು, ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ, ತಾಯಂದಿರ ತೂಕವನ್ನೂ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿತ್ತು. ಹೆರಿಗೆಯ ಗಡಿಬಿಡಿಯ ನಡುವೆ ಅಳೆದು ಬರೆದ ದಾದಿಯರಿಗೆ ಅದರ ಬೆಲೆಯು ತಿಳಿದಿರಲಾರದು. ಆ ಪುಸ್ತಕಗಳು ಹುಳು ಹಿಡಿಯದೆ ಉಳಿದುದೇ ಒಂದು ಭಾಗ್ಯ. ಅರ್ಧ ಶತಮಾನದ ಮೇಲೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿನ ವೈದ್ಯರೂ ಸೇರಿ, ಹಾಗೆ ಹುಟ್ಟಿ ಊರಿನಲ್ಲಿಯೇ ಬಾಳುತ್ತಿದ್ದ ಐನೂರಕ್ಕೂ ಮೀರಿದ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದಿಂದ ಹುಟ್ಟಿದವರಿಗೆ ಮುಂದೆ ಮಧುಮೇಹವು ಹೆಚ್ಚೆಂದು ಕಂಡಿತ್ತು. ಮೈಸೂರಿನ ಕಥೆಯು ಬೇರೆಯಾಗಿತ್ತು: ಇಲ್ಲಿ ಗಿಡ್ಡಗೆ, ಆ ಗಿಡ್ಡತನಕ್ಕೆ ಮೀರಿ ದಪ್ಪಗೆ ಹುಟ್ಟಿದವರಲ್ಲಿಯೂ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿಯೂ ರೋಗವು ಅಧಿಕವಾಗಿತ್ತು. 1998ರಲ್ಲಿ ಇದು ಪ್ರಕಟವಾಯಿತು. ಬಸಿರಿನಲ್ಲಿ ತಾಯಿಗೆ ಸಕ್ಕರೆ ಏರಿದ್ದಿರಬಹುದೆ ಎಂಬ ಸಂದೇಹವು ಅದರಿಂದ ಹುಟ್ಟಿತು.

ಆ ಸಂದೇಹದ ಪರಿಹಾರಕ್ಕಾಗಿ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ, ಮೊದಲು ಮಧುಮೇಹವಿದೆಯೆಂದು ತಿಳಿಯದಿದ್ದವರಲ್ಲಿಯೂ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವು ಕಂಡುಬಂದಿತು. ಐದು ವರ್ಷಗಳಾದ ಮೇಲೆ ಮತ್ತೆ ನೋಡಿದರು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಲ್ಲಿ ನೂರಕ್ಕೆ 37 ಮಂದಿ ಆ ವೇಳೆಗೆ ಮಧುಮೇಹಿಗಳಾಗಿದ್ದರು. ಉಳಿದವರಲ್ಲಿ ಕೇವಲ ಇಬ್ಬರು. ಅಂತಹ ತಾಯಂದಿರ ಮಕ್ಕಳ ಮೈಯಲ್ಲಿಯೂ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಾಗಿ ರೋಗದ ಮುನ್ಸೂಚನೆಗಳು ಎಳವೆಯಲ್ಲಿಯೇ ತೋರತೊಡಗಿದವು. ಆ ಹೆಣ್ಣುಮಕ್ಕಳು ಮುಂದೆ ತಾಯಂದಿರಾಗತಕ್ಕವರು. ರೋಗವು ತಲೆಮಾರಿನಿಂದ ತಲೆಮಾರಿಗೆ ದಾಟುವ ದಾರಿಯು ಇದು.

ಮೈಸೂರಿನ ತಾಯಂದಿರು ಕೊಟ್ಟ ಈ ಅರಿವನ್ನು ಲೋಕದ ವಿದ್ವಾಂಸರು ಇಂದು ಉದಾಹರಿಸುತ್ತಾರೆ. ಆದರೆ ನಮ್ಮ ವೇದಿಕೆಗಳ ಮೇಲೆ ಮಧುಮೇಹವೆಂದರೆ ಈಗಲೂ ನಿವೃತ್ತರಾದ ಯಜಮಾನರ ಬೆಳಗಿನ ನಡಿಗೆಯೇ. ಹೆರಿಗೆಯಾಗಿ ಮನೆಗೆ ಮರಳಿದ ಬಾಣಂತಿಯು ಆರು ವಾರಗಳ ಬಳಿಕ ಮತ್ತೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದನ್ನು, ಆಮೇಲೆಯೂ ಅದನ್ನು ಬಿಡಬಾರದೆಂಬುದನ್ನು, ಯಾವ ನಟಿಯ ಬಾಯಿಂದ ಕೇಳಿದ್ದೇವೆ? ಕೂಸು ಸುಖವಾಗಿದೆಯೆಂದು ಎಲ್ಲರೂ ಸಂತೋಷಪಡುವ ಹೊತ್ತಿನಲ್ಲಿ ತಾಯಿಯನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಅತ್ತೆಗೂ ಗಂಡನಿಗೂ ಮನಮುಟ್ಟುವಂತೆ ಇದನ್ನು ಹೇಳಬಲ್ಲವರು ಪರದೆಯ ಮೇಲೆ ತಾಯಿಯ ಪಾತ್ರದಿಂದ ನಾಡಿನ ಪ್ರೀತಿಯನ್ನು ಗಳಿಸಿದ ಕಲಾವಿದೆಯರಲ್ಲವೆ? ಹಸಿರು ನಿಶಾನೆಗಿಂತ ಇದು ಅವರಿಗೆ ಹೆಚ್ಚು ಒಪ್ಪುವ ಕೆಲಸ.

ಇನ್ನು ಮಕ್ಕಳ ಮಾತು. ಕೆಲವು ಮಕ್ಕಳಿಗೆ ಬರುವ ಮಧುಮೇಹವು ಪಥ್ಯದಿಂದಾಗಲಿ ಗುಳಿಗೆಯಿಂದಾಗಲಿ ನಿಲ್ಲದು. ಇನ್ಸುಲಿನ್ ಇಲ್ಲದೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. "ಸಿಹಿ ತಿಂದು ತಿಂದು ಬರಿಸಿಕೊಂಡಿತು" ಎಂದು ಇಂತಹ ಕೂಸಿನ ತಾಯಿಯನ್ನು ದೂರುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ. 1922ರ ಜನವರಿಯಲ್ಲಿ ಟೊರಾಂಟೊ ನಗರದ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಅದರ ಹಕ್ಕನ್ನು ಕಂಡುಹಿಡಿದವರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿಯೇ ಮಾನವ ಇನ್ಸುಲಿನ್ನನ್ನು ದೇಶದ ಪೇಟೆಗೆ ತಂದಿತು. ಔಷಧಿಯು ನಮ್ಮ ನಾಡಿನಲ್ಲಿಯೇ ತಯಾರಾಗುತ್ತಿರುವಾಗ, ಹೆಗ್ಗಡದೇವನಕೋಟೆಯ ಹಾಡಿಯ ಕೂಸಿಗೆ ಅದು ಸಿಕ್ಕುವುದು ದಾನಿಗಳ ದಯೆಗೆ ಬಿಟ್ಟ ಮಾತಾಗಬಾರದು. ಇನ್ಸುಲಿನ್ನಿನ ಜತೆಗೆ ರಕ್ತದ ಸಕ್ಕರೆಯನ್ನು ಅಳೆಯುವ ಪಟ್ಟಿಗಳೂ ಬೇಕು. ಅಂತಹ ಮಕ್ಕಳಿಗೆ ದಿನಕ್ಕೆ ಹಲವು ಬಾರಿ ಅವು ಬೇಕಾಗುತ್ತವೆ. ಶೀತಕ ಯಂತ್ರವಿಲ್ಲದ ಮನೆಯಲ್ಲಿ ನೀರು ಚಿಮುಕಿಸಿದ ಮಣ್ಣಿನ ಮಡಕೆಯಲ್ಲಿಟ್ಟು ಇನ್ಸುಲಿನ್ನನ್ನು ತಂಪಾಗಿ ಕಾಯಬಹುದೆಂಬುದನ್ನು ಹೇಳಿಕೊಡುವವರೂ ಬೇಕು.

ಕೊನೆಗೆ ಒಂದು ಕಹಿ ಮಾತು. ನವೆಂಬರಿನಲ್ಲಿ ಮಧುಮೇಹದ ವಿರುದ್ಧ ನಡೆಯುವ ಪ್ರಸಿದ್ಧರೇ ಏಪ್ರಿಲಿನ ಬಿಸಿಲಿನಲ್ಲಿ ಸಿಹಿಪಾನೀಯದ ಸೀಸೆಯನ್ನು ಹಿಡಿದು ಜಾಹೀರಾತಿನಲ್ಲಿ ನಗುವುದಾದರೆ, ಜನರು ಯಾವ ಮುಖವನ್ನು ನಂಬಬೇಕು? ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಗರಡಿಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಆಲ್ ಇಂಗ್ಲೆಂಡ್ ಪದವಿಯನ್ನು ಗೆದ್ದು ಬಂದಾಗ, ತಂಪುಪಾನೀಯದ ಜಾಹೀರಾತು ಅವರನ್ನು ಅರಸಿ ಬಂದಿತು. ಆರೋಗ್ಯಕ್ಕೆ ಹಿತವಲ್ಲದುದನ್ನು ತಾವು ಹೊಗಳಲಾರೆವೆಂದು ಅವರು ನಿರಾಕರಿಸಿದರು. ಅವರು ಆಗ ಧನವಂತರೇನೂ ಆಗಿರಲಿಲ್ಲ. ನಮ್ಮ ಮೈಸೂರು ಪಾಕಿನ ಮೇಲೆ ಯಾರೂ ಮುನಿಯಬೇಕಾಗಿಲ್ಲ. ಹಬ್ಬಕ್ಕೊಂದು ತುಂಡು ತಿಂದವರಿಂದ ಈ ಪಿಡುಗು ಬಂದದ್ದಲ್ಲ. ದಿನವೂ ಶಾಲೆಯ ಬಾಗಿಲ ಅಂಗಡಿಯಲ್ಲಿ ಮಕ್ಕಳ ಕೈಗೆ ಬರುವ ಸಿಹಿನೀರಿನ ಸೀಸೆಯ ಮಾತು ಬೇರೆ.

ಆದಕಾರಣ, ಬರುವ ನವೆಂಬರಿನಲ್ಲಿ ಮೈಸೂರಿನ ವೇದಿಕೆಗಳನ್ನು ಅಲಂಕರಿಸತಕ್ಕ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟು. ನಿಶಾನೆ ಬೀಸುವ ಮೊದಲು ಜನರೆದುರಿಗೆ ತಮ್ಮ ಬೆರಳಿನಿಂದ ಒಂದು ಹನಿ ರಕ್ತವನ್ನು ಕೊಡಲಿ, ರೋಗವಿದ್ದವರು ಇದೆಯೆನ್ನಲಿ. ಜಿಲ್ಲೆಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇನ್ಸುಲಿನ್ ಮತ್ತು ಪರೀಕ್ಷೆಯ ಪಟ್ಟಿಗಳು ವರ್ಷದ ಹನ್ನೆರಡು ತಿಂಗಳೂ ದೊರೆಯುತ್ತವೆಯೆ ಎಂದು ಶಾಸಕರು ಸಭೆಯಲ್ಲಿ ಕೇಳಲಿ, ಉತ್ತರವನ್ನು ಪತ್ರಿಕೆಗಳಿಗೆ ಕೊಡಲಿ. ಚೆಲುವಾಂಬ ಆಸ್ಪತ್ರೆಯಿಂದ ಮನೆಗೆ ಹೋಗುವ ಪ್ರತಿ ಬಾಣಂತಿಯ ಕೈಯಲ್ಲಿಯೂ, ಬಸಿರಿನಲ್ಲಿ ಸಕ್ಕರೆ ಏರಿದ್ದರೆ, ಮುಂದಿನ ಪರೀಕ್ಷೆಯ ದಿನಾಂಕವನ್ನು ಬರೆದ ಒಂದು ಚೀಟಿಯಿರಲಿ. ಆ ದಿನ ಆಕೆ ಬಾರದಿದ್ದರೆ ಮನೆಗೆ ಹೋಗಿ ಕರೆಯುವ ಆಶಾ ಕಾರ್ಯಕರ್ತೆಗೆ ಅದಕ್ಕೆ ತಕ್ಕ ಸಂಭಾವನೆಯೂ ಇರಲಿ. ಇವುಗಳಲ್ಲಿ ಎಷ್ಟು ನೆರವೇರಿತೆಂಬುದನ್ನು ಅದೇ ವೇದಿಕೆಯಿಂದ ಮರುವರ್ಷ ಓದಿ ಹೇಳುವುದಾದರೆ, ನಡಿಗೆಯ ಮುಂಚೂಣಿಯಲ್ಲಿ ನಾವೂ ಇರುತ್ತೇವೆ.